ಜಗತ್ತಿನ ಇತಿಹಾಸದಲ್ಲಿ ಕಾಲನಿರ್ಣಯ: ಕೆಲವು ಪ್ರಶ್ನೆಗಳು, ಸಮಾಧಾನಗಳು

ಇತಿಹಾಸದ ಗ್ರಂಥವನ್ನು ತೆರೆದವರಿಗೆ ಮೊದಲು ಕಾಣುವುದು ವರ್ಷಗಳ ಸಾಲು. ಅಲೆಗ್ಸಾಂಡರನು ಬ್ಯಾಬಿಲೋನಿನಲ್ಲಿ ತೀರಿಕೊಂಡುದು ಕ್ರಿ. ಪೂ. ೩೨೩ರಲ್ಲಿ, ಪೈಗಂಬರ ಮಹಮ್ಮದರು ಮದೀನಕ್ಕೆ ತೆರಳಿದುದು ಕ್ರಿ. ಶ. ೬೨೨ರಲ್ಲಿ, ಕಲಚುರಿ ಬಿಜ್ಜಳನು ಸಾರ್ವಭೌಮ ಬಿರುದುಗಳನ್ನು ಧರಿಸಿದುದು ೧೧೬೨ರಲ್ಲಿ ಎಂದು ಅವು ಯಾವ ಅಳುಕೂ ಇಲ್ಲದೆ ಸಾರುತ್ತವೆ. ವಿದ್ಯಾರ್ಥಿಗಳು ಅವನ್ನು ಕಂಠಪಾಠ ಮಾಡಿ ಪರೀಕ್ಷೆಯ ಮರುದಿನ ಮರೆಯುತ್ತಾರೆ. ಭಕ್ತರಾದವರು ತಮ್ಮ ಪರಂಪರೆಯ ಮಾತಿಗೆ ಅವು ಹೊಂದದಿದ್ದಾಗ ಅನುಮಾನದಿಂದ ನೋಡುತ್ತಾರೆ. ಒಬ್ಬರು ವಿಚಾರಿಸದೆ ಒಪ್ಪುತ್ತಾರೆ, ಇನ್ನೊಬ್ಬರು ವಿಚಾರಿಸದೆ ಬಿಡುತ್ತಾರೆ. ಈ ಇಬ್ಬರೂ ಕೇಳಬೇಕಾದ ಪ್ರಶ್ನೆ ಒಂದೇ: ಈ ವರ್ಷವು ಯಾರಿಗೆ, ಹೇಗೆ ತಿಳಿಯಿತು?

ಇತಿಹಾಸದ ತೇದಿಯು ಸಾಕ್ಷಿಗಳ ಬಲದಿಂದ ಮನುಷ್ಯರು ತಲುಪಿದ ತೀರ್ಮಾನ. ಸಾಕ್ಷಿ ಬಲವಾಗಿದ್ದರೆ ತೀರ್ಮಾನವೂ ಬಲವಾದುದು. ಸಾಕ್ಷಿ ದುರ್ಬಲವಾಗಿದ್ದರೆ ತೀರ್ಮಾನವೂ ಅಷ್ಟರಮಟ್ಟಿನದೇ. ಯಾವ ತೇದಿಯು ಯಾವ ಆಧಾರದ ಮೇಲೆ ನಿಂತಿದೆ ಎಂಬುದನ್ನು ಅರಿತವರಿಗೆ ಅದನ್ನು ಎಷ್ಟು ಗಟ್ಟಿಯಾಗಿ ಹಿಡಿಯಬೇಕೆಂಬುದೂ ತಿಳಿಯುತ್ತದೆ. ಜಗತ್ತಿನ ಇತಿಹಾಸದ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ಕೆಲವು ಪ್ರಶ್ನೆಗಳನ್ನು ಎತ್ತಿಕೊಂಡು, ಈ ದೃಷ್ಟಿಯಿಂದ ಸಮಾಧಾನ ಹೇಳುವುದು ಪ್ರಕೃತ ಲೇಖನದ ಉದ್ದೇಶ.

೧. ಜಗತ್ತೆಲ್ಲ ಕ್ರಿಸ್ತನ ಜನನದಿಂದ ವರ್ಷಗಳನ್ನು ಎಣಿಸುವುದೇಕೆ? ಈ ರೂಢಿ ಆತನ ಕಾಲದಿಂದಲೇ ಬಂದುದೇ?

ಅಲ್ಲ. ಕ್ರಿಸ್ತನು ಬದುಕಿದ್ದಾಗಲಾಗಲಿ, ಆತನ ತರುವಾಯದ ಐದು ಶತಮಾನಗಳಲ್ಲಾಗಲಿ ಈ ಎಣಿಕೆ ಇರಲಿಲ್ಲ. ಇದನ್ನು ರೂಪಿಸಿದವನು ರೋಮ್ ನಗರದಲ್ಲಿದ್ದ ಡಯೊನೀಸಿಯಸ್ ಎಕ್ಸಿಗುಯಸ್ ಎಂಬ ಸನ್ಯಾಸಿ. ಕ್ರಿ. ಶ. ೫೨೫ರಲ್ಲಿ ಆತನು ಈಸ್ಟರ್ ಹಬ್ಬದ ದಿನಗಳನ್ನು ಗೊತ್ತುಪಡಿಸುವ ಪಟ್ಟಿಯೊಂದನ್ನು ಸಿದ್ಧಪಡಿಸುತ್ತಿದ್ದ. ಅದುವರೆಗಿನ ಪಟ್ಟಿಗಳಲ್ಲಿ ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್ನನ ಆಳಿಕೆಯ ಆರಂಭದಿಂದ, ಎಂದರೆ ೨೮೪ರಿಂದ, ವರ್ಷಗಳನ್ನು ಎಣಿಸುತ್ತಿದ್ದರು. ಕ್ರೈಸ್ತರನ್ನು ಕ್ರೂರವಾಗಿ ಹಿಂಸಿಸಿದ ದೊರೆಯ ಹೆಸರನ್ನು ಹಬ್ಬದ ಪಟ್ಟಿಯಲ್ಲಿ ಉಳಿಸುವುದು ಡಯೊನೀಸಿಯಸ್ಸನಿಗೆ ಸರಿದೋರಲಿಲ್ಲ. ಆದ್ದರಿಂದ ಆತನು ಕ್ರಿಸ್ತಾವತಾರದಿಂದ ಎಣಿಸತೊಡಗಿದ.

ಈ ಪದ್ಧತಿ ಕೂಡಲೆ ಹರಡಲಿಲ್ಲ. ಇಂಗ್ಲೆಂಡಿನ ಬೀಡ್ ಎಂಬ ಸನ್ಯಾಸಿ ೭೩೧ರಲ್ಲಿ ಮುಗಿಸಿದ ತನ್ನ ದೇಶದ ಧರ್ಮೇತಿಹಾಸದಲ್ಲಿ ಇದನ್ನು ಬಳಸಿದ ಮೇಲೆ ಇದು ಪಶ್ಚಿಮ ಯೂರೋಪಿನಲ್ಲಿ ಬೇರೂರಿತು. ಯೂರೋಪಿನವರ ವ್ಯಾಪಾರ, ಸಾಮ್ರಾಜ್ಯಗಳೊಡನೆ ಜಗತ್ತನ್ನು ವ್ಯಾಪಿಸಿತು. ಇನ್ನೊಂದು ಸಂಗತಿಯೂ ಗಮನಾರ್ಹ. ಕ್ರಿಸ್ತನು ಹುಟ್ಟಿದಾಗ ಜೂಡಿಯದಲ್ಲಿ ಹೆರೋದ್ ದೊರೆ ಆಳುತ್ತಿದ್ದನೆಂದು ಮತ್ತಾಯನ ಸುವಾರ್ತೆ ಹೇಳುತ್ತದೆ. ಆ ಹೆರೋದನು ತೀರಿಕೊಂಡುದು ಕ್ರಿ. ಪೂ. ೪ರಲ್ಲಿ ಎಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಹಾಗಾದರೆ ಕ್ರಿಸ್ತನು ಹುಟ್ಟಿದುದು ‘ಕ್ರಿಸ್ತಪೂರ್ವ’ದಲ್ಲಿಯೇ! ಡಯೊನೀಸಿಯಸ್ಸನ ಲೆಕ್ಕ ಕೆಲವು ವರ್ಷಗಳಷ್ಟು ತಪ್ಪಿತ್ತು. ಆದರೂ ಎಣಿಕೆ ಕೆಡಲಿಲ್ಲ. ಎಲ್ಲರೂ ಒಪ್ಪಿದ ಒಂದು ಗುರುತುಗಲ್ಲು ಇದ್ದರೆ ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಅಳೆಯಬಹುದು. ಶಕೆಯೊಂದು ಅಳತೆಗೋಲು, ಅದನ್ನು ಬಳಸಿದ ಮಾತ್ರಕ್ಕೆ ಅದರ ಮೂಲದಲ್ಲಿರುವ ಘಟನೆಯ ತೇದಿಯನ್ನು ಒಪ್ಪಿದಂತಾಗುವುದಿಲ್ಲ.

೨. ಹಾಗಾದರೆ ಪ್ರಾಚೀನರು ತಮ್ಮ ವರ್ಷಗಳನ್ನು ಹೇಗೆ ಗುರುತಿಸುತ್ತಿದ್ದರು?

ಬಹುತೇಕ ಎಲ್ಲ ಕಡೆಯೂ ಮೊದಲ ಅಳತೆಗೋಲು ದೊರೆಯ ಆಳಿಕೆ. ‘ಇಂಥ ಅರಸನ ಇಷ್ಟನೆಯ ವರ್ಷ’ ಎಂದು ಈಜಿಪ್ಟಿನವರೂ ಬ್ಯಾಬಿಲೋನಿನವರೂ ಬರೆದರು. ಅಶೋಕನೂ ತನ್ನ ಪಟ್ಟಾಭಿಷೇಕದಿಂದಲೇ ಎಣಿಸಿದ. ಅಸ್ಸೀರಿಯದಲ್ಲಿ ಪ್ರತಿವರ್ಷವೂ ಒಬ್ಬ ಅಧಿಕಾರಿಯ ಹೆಸರನ್ನು ಆ ವರ್ಷಕ್ಕೆ ಇಡುತ್ತಿದ್ದರು. ರೋಮಿನಲ್ಲಿ ಆ ವರ್ಷದ ಇಬ್ಬರು ಕಾನ್ಸಲರ ಹೆಸರೇ ವರ್ಷದ ಹೆಸರು. ಗ್ರೀಕ್ ಇತಿಹಾಸಕಾರರು ನಾಲ್ಕು ವರ್ಷಗಳಿಗೊಮ್ಮೆ ನಡೆಯುತ್ತಿದ್ದ ಒಲಿಂಪಿಕ್ ಕ್ರೀಡೆಗಳನ್ನು ಹಿಡಿದು ಎಣಿಸಿದರು. ಅದರ ಆರಂಭ ಕ್ರಿ. ಪೂ. ೭೭೬. ಮುಸಲ್ಮಾನರ ಹಿಜರಿ ಶಕೆಯು ೬೨೨ರಿಂದ ಮೊದಲಾಗುತ್ತದೆ. ಅದರ ವರ್ಷ ಶುದ್ಧ ಚಾಂದ್ರಮಾನದ್ದಾದ್ದರಿಂದ ಸುಮಾರು ೩೫೪ ದಿನಗಳು ಮಾತ್ರ. ಹೀಗಾಗಿ ಹಿಜರಿ ವರ್ಷಕ್ಕೆ ೬೨೨ನ್ನು ಕೂಡಿಸಿದರೆ ಕ್ರಿಸ್ತಶಕ ದೊರೆಯುತ್ತದೆಂದು ತಿಳಿಯುವುದು ತಪ್ಪು.

ನಮ್ಮ ದೇಶದಲ್ಲಿ ಕ್ರಿ. ಪೂ. ೫೭ರಿಂದ ವಿಕ್ರಮ ಶಕೆಯೂ ಕ್ರಿ. ಶ. ೭೮ರಿಂದ ಶಾಲಿವಾಹನ ಶಕೆಯೂ ನಡೆದುಬಂದಿವೆ. ಬಲಿಷ್ಠ ಅರಸರು ತಮ್ಮದೇ ಶಕೆಯನ್ನು ನಡೆಸಿದುದೂ ಉಂಟು. ಕಲ್ಯಾಣದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನು ೧೦೭೬ರಲ್ಲಿ ಶಕವರ್ಷವನ್ನು ಬಿಟ್ಟು ಚಾಳುಕ್ಯ ವಿಕ್ರಮವರ್ಷವನ್ನು ಆರಂಭಿಸಿದ. ಕನ್ನಡ ಶಾಸನವೊಂದರಲ್ಲಿ ಆ ಶಕೆಯ ೫೦ನೆಯ ವರ್ಷವೆಂದಿದ್ದರೆ ಅದು ೧೧೨೫-೨೬ ಎಂದು ತಿಳಿಯಬೇಕು. ಪ್ರಭವಾದಿ ಅರವತ್ತು ಸಂವತ್ಸರಗಳ ಹೆಸರುಗಳು ಮಾತ್ರ ಒಂಟಿಯಾಗಿ ನಿಂತರೆ ಕಾಲವನ್ನು ಹೇಳಲಾರವು. ‘ವಿಕಾರಿ ಸಂವತ್ಸರ’ ಎಂದಷ್ಟೇ ಬರೆದಿದ್ದರೆ ಅದು ಯಾವ ಸುತ್ತಿನ ವಿಕಾರಿ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

೩. ಕ್ರಿಸ್ತಪೂರ್ವಕ್ಕೂ ಕ್ರಿಸ್ತಶಕಕ್ಕೂ ನಡುವೆ ಸೊನ್ನೆಯ ವರ್ಷ ಇದೆಯೆ?

ಇತಿಹಾಸಕಾರರ ಎಣಿಕೆಯಲ್ಲಿ ಇಲ್ಲ. ಕ್ರಿ. ಪೂ. ೧ ಮುಗಿದ ಮರುದಿನವೇ ಕ್ರಿ. ಶ. ೧. ಡಯೊನೀಸಿಯಸ್ಸನು ಬಳಸಿದ ರೋಮನ್ ಅಂಕಿಗಳಲ್ಲಿ ಸೊನ್ನೆಗೆ ಗುರುತೇ ಇರಲಿಲ್ಲ. ಭಾರತದಲ್ಲಿ ಬೆಳೆದ ಸೊನ್ನೆಯು ಅರಬರ ಮೂಲಕ ಯೂರೋಪನ್ನು ತಲುಪಿದುದು ಅನಂತರದ ಮಾತು. ಖಗೋಳಶಾಸ್ತ್ರಜ್ಞರು ಲೆಕ್ಕದ ಅನುಕೂಲಕ್ಕಾಗಿ ಕ್ರಿ. ಪೂ. ೧ನ್ನು ಸೊನ್ನೆ ಎಂದು ಕರೆಯುವ ಬೇರೆ ಪದ್ಧತಿಯನ್ನು ಇಟ್ಟುಕೊಂಡಿದ್ದಾರೆ.

ಇದರಿಂದ ಲೆಕ್ಕದಲ್ಲಿ ಒಂದು ಎಚ್ಚರ ಅಗತ್ಯ. ರೋಮಿನ ಚಕ್ರವರ್ತಿ ಅಗಸ್ಟಸ್ ಹುಟ್ಟಿದುದು ಕ್ರಿ. ಪೂ. ೬೩ರ ಸೆಪ್ಟೆಂಬರಿನಲ್ಲಿ, ತೀರಿಕೊಂಡುದು ಕ್ರಿ. ಶ. ೧೪ರ ಆಗಸ್ಟಿನಲ್ಲಿ. ಎರಡನ್ನೂ ಕೂಡಿಸಿ ೭೭ ಎಂದರೆ ತಪ್ಪಾಯಿತು, ಒಂದನ್ನು ಕಳೆಯಬೇಕು. ಆತನಿಗೆ ೭೬ ತುಂಬಲು ಇನ್ನೂ ಒಂದು ತಿಂಗಳ ಮೇಲೆ ಕೆಲವು ದಿನಗಳಿದ್ದವು. ಇದೇ ಕಾರಣದಿಂದ ಇಪ್ಪತ್ತೊಂದನೆಯ ಶತಮಾನವು ಕ್ರಮವಾಗಿ ಮೊದಲಾದುದು ೨೦೦೧ರ ಜನವರಿ ೧ರಂದು. ಜಗತ್ತು ಹಬ್ಬವಾಚರಿಸಿದುದು ಮಾತ್ರ ಒಂದು ವರ್ಷ ಮೊದಲು.

೪. ಒಂದೇ ಘಟನೆಗೆ ಎರಡು ತೇದಿಗಳು ದೊರೆಯುವುದೇಕೆ?

ಜೂಲಿಯಸ್ ಸೀಸರನು ಕ್ರಿ. ಪೂ. ೪೫ರಿಂದ ಜಾರಿಗೆ ತಂದ ಪಂಚಾಂಗದಲ್ಲಿ ವರ್ಷಕ್ಕೆ ೩೬೫ ದಿನ ೬ ಗಂಟೆಗಳು. ನಿಜವಾದ ಸೌರವರ್ಷ ಇದಕ್ಕಿಂತ ಸುಮಾರು ೧೧ ನಿಮಿಷ ಕಡಿಮೆ. ಈ ಸಣ್ಣ ಅಂತರ ೧೨೮ ವರ್ಷಗಳಿಗೆ ಒಂದು ದಿನವಾಗಿ ಬೆಳೆಯುತ್ತದೆ. ೩೨೫ರಲ್ಲಿ ನೈಸಿಯದ ಧರ್ಮಸಭೆ ಸೇರಿದಾಗ ಮಾರ್ಚಿ ೨೧ರ ಸುಮಾರಿಗೆ ಬರುತ್ತಿದ್ದ ವಸಂತ ವಿಷುವವು ಹದಿನಾರನೆಯ ಶತಮಾನದ ಹೊತ್ತಿಗೆ ಮಾರ್ಚಿ ೧೧ಕ್ಕೆ ಜಾರಿತ್ತು. ಈಸ್ಟರ್ ಹಬ್ಬದ ನಿರ್ಣಯ ವಿಷುವವನ್ನು ಅವಲಂಬಿಸಿದುದರಿಂದ ಧರ್ಮಗುರುಗಳಿಗೆ ಇದು ಚಿಂತೆಯ ವಿಷಯವಾಯಿತು. ಪೋಪ್ ಹದಿಮೂರನೆಯ ಗ್ರೆಗರಿ ೧೫೮೨ರಲ್ಲಿ ಹತ್ತು ದಿನಗಳನ್ನು ಕೈಬಿಡಿಸಿದ. ಆ ವರ್ಷದ ಅಕ್ಟೋಬರ್ ೪ ಗುರುವಾರದ ಮರುದಿನ ಅಕ್ಟೋಬರ್ ೧೫ ಶುಕ್ರವಾರ. ವಾರದ ಕ್ರಮ ಮುರಿಯಲಿಲ್ಲ, ತೇದಿ ಮಾತ್ರ ಹಾರಿತು.

ಪೋಪನ ಅಧಿಕಾರವನ್ನು ಒಪ್ಪದ ದೇಶಗಳು ಈ ತಿದ್ದುಪಾಟನ್ನೂ ಬಹುಕಾಲ ಒಪ್ಪಲಿಲ್ಲ. ಬ್ರಿಟನ್ ಇದನ್ನು ಸ್ವೀಕರಿಸಿದುದು ೧೭೫೨ರಲ್ಲಿ, ರಷ್ಯ ೧೯೧೮ರಲ್ಲಿ. ಆದ್ದರಿಂದಲೇ ರಷ್ಯದ ‘ಅಕ್ಟೋಬರ್ ಕ್ರಾಂತಿ’ಯ ದಿನ ಹಳೆಯ ಲೆಕ್ಕದಲ್ಲಿ ೧೯೧೭ರ ಅಕ್ಟೋಬರ್ ೨೫, ಹೊಸ ಲೆಕ್ಕದಲ್ಲಿ ನವೆಂಬರ್ ೭. ಷೇಕ್ಸ್‌ಪಿಯರನೂ ಸ್ಪೇನಿನ ಸರ್ವಾಂಟಿಸನೂ ಒಂದೇ ದಿನ, ೧೬೧೬ರ ಏಪ್ರಿಲ್ ೨೩ರಂದು, ತೀರಿಕೊಂಡರೆಂಬ ಮಾತು ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಿತ. ಸ್ಪೇನಿನಲ್ಲಿ ಆಗ ಹೊಸ ಪಂಚಾಂಗ, ಇಂಗ್ಲೆಂಡಿನಲ್ಲಿ ಹಳೆಯದು. ಹೊಸ ಲೆಕ್ಕದಂತೆ ಷೇಕ್ಸ್‌ಪಿಯರನ ಮರಣ ಮೇ ೩ರಂದು. ಸರ್ವಾಂಟಿಸನಾದರೋ ೨೨ರಂದು ತೀರಿಕೊಂಡು ೨೩ರಂದು ಸಮಾಧಿಯಾದನೆಂದು ವಿದ್ವಾಂಸರು ಹೇಳುತ್ತಾರೆ. ಒಂದೇ ತೇದಿ ಇದ್ದ ಮಾತ್ರಕ್ಕೆ ಒಂದೇ ದಿನವಾಗಬೇಕಿಲ್ಲ.

೫. ಹಳೆಯ ದೊರೆಗಳ ಆಳಿಕೆಯ ವರ್ಷಗಳನ್ನು ಇಂದಿನ ಎಣಿಕೆಗೆ ಜೋಡಿಸಿದುದು ಹೇಗೆ?

ದೊರೆಗಳ ಪಟ್ಟಿಯೊಂದು ದೊರೆತರೆ ಯಾರ ತರುವಾಯ ಯಾರು, ಎಷ್ಟು ವರ್ಷ ಎಂಬುದು ತಿಳಿಯುತ್ತದೆ. ಆದರೆ ಆ ಪಟ್ಟಿ ಕಾಲದ ಪ್ರವಾಹದಲ್ಲಿ ಲಂಗರಿಲ್ಲದ ದೋಣಿಯಂತೆ ತೇಲುತ್ತಿರುತ್ತದೆ. ಅದನ್ನು ಎಲ್ಲಿಯಾದರೂ ಒಂದು ಕಡೆ ಕಟ್ಟಿಹಾಕಬೇಕು. ಕಟ್ಟುವ ಗೂಟಗಳಲ್ಲಿ ಬಲವಾದುದು ಗ್ರಹಣ. ಏಕೆಂದರೆ ಹಿಂದಿನ ಗ್ರಹಣಗಳ ಕಾಲವನ್ನು ಗಣಿತದಿಂದ ಖಚಿತವಾಗಿ ಕಂಡುಹಿಡಿಯಬಹುದು.

ಹತ್ತೊಂಬತ್ತನೆಯ ಶತಮಾನದಲ್ಲಿ ಅಸ್ಸೀರಿಯದ ಮಣ್ಣಿನ ಫಲಕಗಳಲ್ಲಿ ವರ್ಷಾಧಿಕಾರಿಗಳ ಪಟ್ಟಿಗಳು ದೊರೆತವು. ಅವುಗಳಲ್ಲಿ ಬುರ್-ಸಗಲೆ ಎಂಬವನ ವರ್ಷದ ಸಿಮಾನು ಮಾಸದಲ್ಲಿ ಸೂರ್ಯಗ್ರಹಣವಾಯಿತೆಂಬ ಉಲ್ಲೇಖವಿತ್ತು. ಖಗೋಳ ಗಣಿತದಂತೆ ಅದು ಕ್ರಿ. ಪೂ. ೭೬೩ರ ಜೂನ್ ೧೫ರ ಗ್ರಹಣ. ಈ ಒಂದು ಗಂಟು ಬಿದ್ದೊಡನೆ ಪಟ್ಟಿಯಲ್ಲಿದ್ದ ಹಿಂದುಮುಂದಿನ ವರ್ಷಗಳೆಲ್ಲ ತಮ್ಮ ಸ್ಥಾನದಲ್ಲಿ ನಿಂತವು. ದೊರೆ ಮೂರನೆಯ ಶಾಲ್ಮನೇಸರನ ಶಾಸನವು ಕರ್ಕರ್ ಯುದ್ಧದಲ್ಲಿ ಇಸ್ರೇಲಿನ ಅರಸ ಅಹಾಬನು ತನ್ನನ್ನು ಎದುರಿಸಿದುದನ್ನು ಹೇಳುತ್ತದೆ. ಆ ಯುದ್ಧ ನಡೆದುದು ಕ್ರಿ. ಪೂ. ೮೫೩ರಲ್ಲಿ ಎಂಬುದು ಈ ಪಟ್ಟಿಯಿಂದ ಸಿದ್ಧವಾಯಿತು. ಅದರಿಂದ ಬೈಬಲಿನಲ್ಲಿ ಬರುವ ಅಹಾಬನ ಕಾಲವೂ ಸಿದ್ಧವಾಯಿತು. ಒಂದು ಜನಾಂಗದ ಧರ್ಮಗ್ರಂಥದಲ್ಲಿರುವ ಅರಸನ ಕಾಲವನ್ನು ಆತನ ಶತ್ರುವಿನ ಶಾಸನವೂ ಆಕಾಶದ ಸೂರ್ಯನೂ ಸೇರಿ ಹೇಳಿದಂತಾಯಿತು.

೬. ಬರಹವೇ ಇಲ್ಲದ ಕಾಲವನ್ನು ತಿಳಿಯುವ ಬಗೆ ಯಾವುದು?

ಅಲ್ಲಿ ವಸ್ತುಗಳೇ ಸಾಕ್ಷಿ. ಕಾಲ ತಿಳಿದಿರುವ ನಾಡಿನ ವಸ್ತು ಕಾಲ ತಿಳಿಯದ ನಾಡಿನಲ್ಲಿ ದೊರೆತರೆ ಎರಡನ್ನೂ ಜೋಡಿಸಬಹುದು. ೧೯೨೪ರಲ್ಲಿ ಜಾನ್ ಮಾರ್ಷಲ್ ಸಿಂಧೂ ನಾಗರಿಕತೆಯ ಶೋಧವನ್ನು ಪ್ರಕಟಿಸಿದಾಗ ಅದರ ಪ್ರಾಚೀನತೆಗೆ ಆಧಾರವಾದುದು ಮೆಸೊಪೊಟೇಮಿಯದಲ್ಲಿ ದೊರೆತಿದ್ದ ಅದೇ ಮಾದರಿಯ ಮುದ್ರೆಗಳು.

೧೯೪೯ರಲ್ಲಿ ಅಮೆರಿಕದ ವಿಲ್ಲರ್ಡ್ ಲಿಬ್ಬಿ ಮತ್ತು ಆತನ ಸಹೋದ್ಯೋಗಿಗಳು ಹೊಸ ಸಾಧನವೊಂದನ್ನು ಒದಗಿಸಿದರು. ಜೀವವಿರುವ ಎಲ್ಲದರಲ್ಲಿಯೂ ಇಂಗಾಲ-೧೪ ಎಂಬ ವಿಕಿರಣಶೀಲ ಇಂಗಾಲ ಅತ್ಯಲ್ಪ ಪ್ರಮಾಣದಲ್ಲಿರುತ್ತದೆ. ಜೀವ ಹೋದ ಮೇಲೆ ಅದು ಹೊಸದಾಗಿ ಸೇರುವುದಿಲ್ಲ. ಇದ್ದುದು ಸುಮಾರು ೫೭೩೦ ವರ್ಷಗಳಿಗೆ ಅರ್ಧದಂತೆ ಕುಗ್ಗುತ್ತ ಹೋಗುತ್ತದೆ. ಉಳಿದುದನ್ನು ಅಳೆದರೆ ಆ ಮರ, ಮೂಳೆ, ಧಾನ್ಯ ಅಥವಾ ಇದ್ದಿಲಿನ ವಯಸ್ಸು ತಿಳಿಯುತ್ತದೆ. ಲಿಬ್ಬಿಯು ಈ ವಿಧಾನವನ್ನು ಪರೀಕ್ಷಿಸಲು ಕಾಲ ಮೊದಲೇ ತಿಳಿದಿದ್ದ ಈಜಿಪ್ಟಿನ ಮರದ ತುಂಡುಗಳನ್ನು ಬಳಸಿದ. ೧೯೬೦ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಈ ವಿಧಾನಕ್ಕೂ ಮಿತಿಗಳುಂಟು. ಕಲ್ಲು ಲೋಹಗಳಿಗೆ ಇದು ಸಲ್ಲದು, ಸುಮಾರು ೫೦,೦೦೦ ವರ್ಷಗಳಾಚೆಗೆ ಎಟುಕದು, ಕೊಡುವ ಉತ್ತರವೂ ‘ಇಷ್ಟರಿಂದ ಇಷ್ಟರೊಳಗೆ’ ಎಂಬಂತಿರುತ್ತದೆ. ವಾತಾವರಣದಲ್ಲಿ ಈ ಇಂಗಾಲದ ಪ್ರಮಾಣ ಎಲ್ಲ ಕಾಲದಲ್ಲಿಯೂ ಒಂದೇ ಸಮನಾಗಿರಲಿಲ್ಲವೆಂದು ತಿಳಿದ ಮೇಲೆ, ಮರಗಳ ವಾರ್ಷಿಕ ಉಂಗುರಗಳೊಡನೆ ಹೋಲಿಸಿ ಲೆಕ್ಕವನ್ನು ತಿದ್ದಲಾಯಿತು.

ಇದರ ಪರಿಣಾಮ ನಮ್ಮ ನಾಡಿನಲ್ಲಿಯೂ ಕಂಡಿತು. ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿ, ಅಲ್ಲಿಯ ನವಶಿಲಾಯುಗದ ವಸತಿ ಕ್ರಿ. ಪೂ. ಒಂದನೆಯ ಸಹಸ್ರಮಾನದ ಆರಂಭದ್ದೆಂದು ಊಹಿಸಿದ. ಮುಂದೆ ದಕ್ಷಿಣದ ಬೂದಿಗುಡ್ಡಗಳಲ್ಲಿ ದೊರೆತ ಇದ್ದಿಲನ್ನು ಪರೀಕ್ಷಿಸಿದಾಗ ದಕ್ಷಿಣದ ನವಶಿಲಾಯುಗವು ಕ್ರಿ. ಪೂ. ಮೂರನೆಯ ಸಹಸ್ರಮಾನಕ್ಕೆ ಸರಿಯಿತು. ಗಣ್ಯ ವಿದ್ವಾಂಸನ ಮಾತೂ ಹೊಸ ಸಾಕ್ಷಿಯ ಮುಂದೆ ಬದಲಾಗಬೇಕಾಯಿತು.

೭. ಭಾರತದ ಪ್ರಾಚೀನ ಅರಸರ ಕಾಲವನ್ನು ಜಗತ್ತಿನ ಇತಿಹಾಸಕ್ಕೆ ಜೋಡಿಸುವ ಕೀಲು ಯಾವುದು?

ಪುರಾಣಗಳಲ್ಲಿ ರಾಜವಂಶಗಳ ಪಟ್ಟಿಗಳಿವೆ. ಅವೂ ಅಸ್ಸೀರಿಯದ ಪಟ್ಟಿಯಂತೆ ಒಂದು ಗೂಟಕ್ಕಾಗಿ ಕಾದಿದ್ದವು. ಅಲೆಗ್ಸಾಂಡರನ ತರುವಾಯದ ಕಾಲದಲ್ಲಿ ಪಾಟಲಿಪುತ್ರದಲ್ಲಿ ಆಳಿದ ಸಾಂಡ್ರಕೊಟ್ಟಸ್ ಎಂಬವನನ್ನು ಗ್ರೀಕ್ ಲೇಖಕರು ಹೆಸರಿಸುತ್ತಾರೆ. ಆತನು ಚಂದ್ರಗುಪ್ತ ಮೌರ್ಯನೇ ಎಂದು ವಿಲಿಯಂ ಜೋನ್ಸ್ ೧೭೯೩ರಲ್ಲಿ ಕಲಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ತಿಳಿಸಿದ. ಇದು ಹೆಸರಿನ ಸಾಮ್ಯವನ್ನು ಹಿಡಿದ ಊಹೆ ಎಂದು ಯಾರಾದರೂ ಆಕ್ಷೇಪಿಸಬಹುದಾಗಿತ್ತು. ೧೮೩೭-೩೮ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದ ಮೇಲೆ ಸ್ವತಂತ್ರವಾದ ಎರಡನೆಯ ಸಾಕ್ಷಿ ದೊರೆಯಿತು. ಚಂದ್ರಗುಪ್ತನ ಮೊಮ್ಮಗ ಅಶೋಕನ ಹದಿಮೂರನೆಯ ಬಂಡೆಗಲ್ಲು ಶಾಸನದಲ್ಲಿ ಅಂತಿಯೋಕ, ತುರಮಾಯ, ಅಂತಿಕಿನಿ, ಮಕ, ಅಲಿಕಸುಂದರ ಎಂಬ ಐವರು ಯವನರಾಜರ ಹೆಸರುಗಳಿವೆ. ಇವರು ಸಿರಿಯದ ಎರಡನೆಯ ಆಂಟಿಯೋಕಸ್, ಈಜಿಪ್ಟಿನ ಎರಡನೆಯ ಟಾಲೆಮಿ, ಮೆಸಿಡೋನಿಯದ ಆಂಟಿಗೊನಸ್, ಸಿರೀನಿನ ಮಗಾಸ್. ಐದನೆಯವನು ಎಪೈರಸಿನ ಇಲ್ಲವೆ ಕಾರಿಂಥಿನ ಅಲೆಗ್ಸಾಂಡರ್. ಇವರೆಲ್ಲ ಆಳುತ್ತಿದ್ದ ಕಾಲ ಕ್ರಿ. ಪೂ. ಮೂರನೆಯ ಶತಮಾನದ ಮಧ್ಯಭಾಗ. ಆದ್ದರಿಂದ ಅಶೋಕನ ಕಾಲವೂ ಅದೇ. ಭಾರತದ ಪ್ರಾಚೀನ ಇತಿಹಾಸದ ಕಾಲಗಣನೆಗೆ ಇಷ್ಟು ಗಟ್ಟಿಯಾದ ಕೀಲು ಮತ್ತೊಂದಿಲ್ಲ.

ಈ ಕಥೆಗೆ ಕನ್ನಡ ನಾಡು ಒಂದು ಮುಖ್ಯ ಪುಟವನ್ನು ಸೇರಿಸಿತು. ಆವರೆಗೆ ದೊರೆತಿದ್ದ ಶಾಸನಗಳಲ್ಲೆಲ್ಲ ಅರಸನ ಹೆಸರು ‘ದೇವಾನಂಪಿಯ ಪಿಯದಸಿ’ ಎಂದಿತ್ತು. ಆತನೇ ಅಶೋಕನೆಂಬುದನ್ನು ಸಿಂಹಳದ ಬೌದ್ಧ ವೃತ್ತಾಂತಗಳಿಂದ ಗ್ರಹಿಸಿದ್ದರು. ೧೯೧೫ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನದ ಗಣಿಯ ಎಂಜಿನಿಯರನೊಬ್ಬನ ಕಣ್ಣಿಗೆ ಬಿದ್ದ ಬಂಡೆಯಲ್ಲಿ ಅಶೋಕನ ಹೆಸರೇ ಕೊರೆದಿತ್ತು. ಊಹೆ ನಿಶ್ಚಯವಾಯಿತು.

೮. ಕಲ್ಲಿನಲ್ಲಿ ಬರೆದ ವರ್ಷವೆಲ್ಲ ಪ್ರಮಾಣವೇ?

ಇದಕ್ಕೆ ಐಹೊಳೆಯ ಮೇಗುಟಿ ಬಸದಿಯ ಶಾಸನಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಇಮ್ಮಡಿ ಪುಲಕೇಶಿಯ ಆಶ್ರಿತನಾದ ರವಿಕೀರ್ತಿಯು ಬಸದಿಯ ನಿರ್ಮಾಣಕಾಲವನ್ನು ಎರಡು ರೀತಿಯಿಂದ ಹೇಳಿದ್ದಾನೆ: ಶಕರಾಜರ ಕಾಲದ ೫೫೬ ವರ್ಷಗಳು ಕಳೆದಿವೆ, ಭಾರತಯುದ್ಧದಿಂದ ೩೭೩೫ ವರ್ಷಗಳು ಕಳೆದಿವೆ. ಎರಡೂ ಲೆಕ್ಕಗಳು ಕ್ರಿ. ಶ. ೬೩೪-೩೫ಕ್ಕೆ ಬಂದು ಸೇರುತ್ತವೆ. ಬಸದಿ ಆ ವರ್ಷದ್ದೆಂಬುದರಲ್ಲಿ ಸಂದೇಹವಿಲ್ಲ. ಏಕೆಂದರೆ ರವಿಕೀರ್ತಿಯು ತನ್ನ ಕಣ್ಣೆದುರಿನ ಸಂಗತಿಗೆ ಸಾಕ್ಷಿಯಾಗಿದ್ದಾನೆ. ಅವನು ಹೊಗಳುವ ಪುಲಕೇಶಿ ಹರ್ಷರ ಯುದ್ಧಕ್ಕೂ ಪ್ರಬಲವಾದ ಬೆಂಬಲವಿದೆ. ಆ ಕಾಲದಲ್ಲಿಯೇ ಭಾರತದಲ್ಲಿ ಸಂಚರಿಸಿದ ಚೀನದ ಯಾತ್ರಿಕ ಹ್ಯೂಎನ್ ತ್ಸಾಂಗನು, ಹರ್ಷನಿಗೆ ಪುಲಕೇಶಿಯನ್ನು ಮಣಿಸಲಾಗಲಿಲ್ಲವೆಂದು ಬರೆದಿದ್ದಾನೆ. ಪುಲಕೇಶಿಯನ್ನು ಹೊಗಳಿ ಯಾವ ಲಾಭವನ್ನೂ ಪಡೆಯಬೇಕಿಲ್ಲದ ಸಾಕ್ಷಿ ಆತನು.

ಭಾರತಯುದ್ಧದ ವಿಷಯದಲ್ಲಿ ಮಾತ್ರ ಇದೇ ಶಾಸನದ ಬಲ ಬೇರೆ. ಕ್ರಿ. ಪೂ. ೩೧೦೨ರಿಂದ ಕಲಿಯುಗವನ್ನು ಎಣಿಸುವ ಪದ್ಧತಿ ಏಳನೆಯ ಶತಮಾನದ ವಿದ್ವಾಂಸರಿಗೆ ತಿಳಿದಿತ್ತೆಂಬುದನ್ನು ಅದು ಸಿದ್ಧಪಡಿಸುತ್ತದೆ. ಮೂರು ಸಾವಿರದ ಏಳುನೂರು ವರ್ಷಗಳ ಹಿಂದಿನ ಯುದ್ಧಕ್ಕೆ ಅದು ಪ್ರತ್ಯಕ್ಷ ಸಾಕ್ಷಿಯಾಗಲಾರದು. ಕಲ್ಲು ಒಂದೇ, ಅಕ್ಷರ ಒಂದೇ, ಕವಿ ಒಬ್ಬನೇ. ಆದರೂ ಒಂದು ಮಾತಿನ ಪ್ರಮಾಣ ಇನ್ನೊಂದು ಮಾತಿಗಿಲ್ಲ. ಸಾಕ್ಷಿಯು ಘಟನೆಗೆ ಎಷ್ಟು ಹತ್ತಿರ ಎಂಬುದನ್ನು ನೋಡಬೇಕಾದುದು ಇದಕ್ಕಾಗಿ.

ಶಾಸನಗಳು ಶಕವರ್ಷದ ಜೊತೆಗೆ ಸಂವತ್ಸರ, ಮಾಸ, ತಿಥಿ, ವಾರ, ಗ್ರಹಣಗಳನ್ನೂ ಹೇಳುವುದು ಸಂಶೋಧಕರಿಗೆ ಒಂದು ವರ. ಇವೆಲ್ಲ ಗಣಿತದಿಂದ ಹೊಂದಿದರೆ ತೇದಿ ಗಟ್ಟಿಯಾಗುತ್ತದೆ. ಹೊಂದದಿದ್ದರೆ ಬರೆದವನು ತಪ್ಪಿರಬಹುದು, ಗತವರ್ಷ ವರ್ತಮಾನವರ್ಷಗಳ ವ್ಯತ್ಯಾಸವಿರಬಹುದು, ಇಲ್ಲವೆ ಭೂಮಿಯ ಆಸೆಗಾಗಿ ಹಿಂದಿನ ಅರಸನ ಹೆಸರಿನಲ್ಲಿ ಸೃಷ್ಟಿಸಿದ ಕೂಟಶಾಸನವೇ ಆಗಿರಬಹುದು.

೯. ಸಮಕಾಲೀನ ಶಾಸನದಲ್ಲಿ ಹೆಸರಿಲ್ಲದವರು ಇರಲೇ ಇಲ್ಲವೆಂದು ಹೇಳಬಹುದೇ?

ಹೇಳಬಾರದು. ಶಾಸನಗಳು ಬಹುಮಟ್ಟಿಗೆ ದಾನಪತ್ರಗಳು, ವೀರಗಲ್ಲುಗಳು. ನಾಡಿನ ಎಲ್ಲ ಮಹನೀಯರ ಹೆಸರನ್ನೂ ಬರೆದಿಡುವುದು ಅವುಗಳ ಉದ್ದೇಶವಲ್ಲ. ಅವುಗಳಲ್ಲಿ ಎಷ್ಟೋ ಒಡೆದುಹೋಗಿವೆ, ಎಷ್ಟೋ ಇನ್ನೂ ಮಣ್ಣಿನಲ್ಲಿವೆ. ಸಾಕ್ಷಿ ದೊರೆತಿಲ್ಲವೆಂಬ ಮಾತು ಬೇರೆ, ಸಂಗತಿ ನಡೆದಿಲ್ಲವೆಂಬ ಮಾತು ಬೇರೆ.

ವೀರಶೈವ ಸಾಹಿತ್ಯದ ಅಭ್ಯಾಸಿಗಳಿಗೆ ಇದರ ಮಹತ್ವ ಚೆನ್ನಾಗಿ ಗೊತ್ತಿರತಕ್ಕದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ಲೀಟ್ ಅಬ್ಬಲೂರಿನ ಶಾಸನಗಳನ್ನು ಪ್ರಕಟಿಸಿದಾಗ ಅವುಗಳಲ್ಲಿ ಏಕಾಂತದ ರಾಮಯ್ಯನ ವೃತ್ತಾಂತ ವಿಸ್ತಾರವಾಗಿ ದೊರೆಯಿತು. ಬಸವಣ್ಣನ ವಿಷಯದಲ್ಲಿ ಅಂಥ ಶಾಸನಾಧಾರ ಆಗ ಕೈಗೆ ಬಂದಿರಲಿಲ್ಲ. ಆದಕಾರಣ ಆ ವಿದ್ವಾಂಸನು ರಾಮಯ್ಯನಿಗೇ ಪ್ರಾಧಾನ್ಯ ಕೊಟ್ಟು, ಬಸವಣ್ಣನ ಬಗೆಗಿನ ಪುರಾಣದ ವೃತ್ತಾಂತವನ್ನು ಸಂಶಯದಿಂದ ಕಂಡ. ಮುಂದೆ ಬೆಳಗಾವಿ ಜಿಲ್ಲೆಯ ಅರ್ಜುನವಾಡದ ಶಾಸನ ಬೆಳಕಿಗೆ ಬಂದಿತು. ೧೨೬೦ರ ಈ ಶಾಸನವು ಬಾಗೆವಾಡಿಯನ್ನೂ ಮಾದಿರಾಜನನ್ನೂ ಬಸವಣ್ಣನನ್ನೂ ಹೆಸರಿಸುತ್ತದೆ. ಬಿಜ್ಜಳನ ತರುವಾಯ ಆತನ ಮಗ ಸೋವಿದೇವನ ಆಳಿಕೆ ೧೧೬೭ರ ಹೊತ್ತಿಗೆ ಆರಂಭವಾದುದನ್ನು ಶಾಸನಗಳಿಂದ ತಿಳಿಯುತ್ತೇವೆ. ಅಲ್ಲಿಂದ ಅರ್ಜುನವಾಡದ ಕಲ್ಲಿಗೆ ಒಂದು ಶತಮಾನಕ್ಕೂ ಕಡಿಮೆ ಅಂತರ. ಭೀಮಕವಿಯು ಕನ್ನಡದಲ್ಲಿ ಬಸವಪುರಾಣವನ್ನು ರಚಿಸಿದುದು ೧೩೬೯ರಲ್ಲಿ. ಶಾಸನ ಅದಕ್ಕಿಂತಲೂ ಒಂದು ಶತಮಾನದಷ್ಟು ಹಿಂದಿನದು. ತಂದೆಯ ಹೆಸರಿನಲ್ಲಿಯೂ ಊರಿನ ಹೆಸರಿನಲ್ಲಿಯೂ ಪರಂಪರೆ ಉಳಿಸಿಕೊಂಡುಬಂದ ಮಾತನ್ನು ಕಲ್ಲು ಅನುಮೋದಿಸಿತು.

ಇದರಿಂದ ಎರಡು ಪಾಠಗಳುಂಟು. ಶಾಸನವಿಲ್ಲದ್ದನ್ನೆಲ್ಲ ತಳ್ಳಿಹಾಕುವ ಆತುರ ಸಂಶೋಧಕನಿಗೆ ಸಲ್ಲದು. ಅದರಂತೆಯೇ, ಪರಂಪರೆಯ ಒಂದು ಮಾತನ್ನು ಕಲ್ಲು ಅನುಮೋದಿಸಿತೆಂದು ಅದರ ಎಲ್ಲ ಮಾತುಗಳೂ ಸಿದ್ಧವಾದುವೆಂದು ಬಗೆಯುವುದು ಭಕ್ತನಿಗೂ ಸಲ್ಲದು. ಅರ್ಜುನವಾಡದ ಶಾಸನ ಹೇಳುವುದನ್ನು ಹೇಳುತ್ತದೆ. ಬಸವಣ್ಣನು ಹುಟ್ಟಿದ ವರ್ಷವನ್ನು ಅದು ಹೇಳುವುದಿಲ್ಲ. ಅದಕ್ಕೆ ವಿದ್ವಾಂಸರು ಬೇರೆ ಬೇರೆ ಆಧಾರಗಳಿಂದ ಬೇರೆ ಬೇರೆ ವರ್ಷಗಳನ್ನು ಸೂಚಿಸಿದ್ದಾರೆ.

೧೦. ಕಾಲನಿರ್ಣಯದಿಂದ ಶ್ರದ್ಧೆಗೆ ಕುಂದುಂಟಾಗುವುದಿಲ್ಲವೆ?

ಈ ಅಂಜಿಕೆ ಒಂದು ಮತಕ್ಕೆ ಮಾತ್ರ ಸೇರಿದುದಲ್ಲ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ೧೬೫೦ರಲ್ಲಿ ಬೈಬಲಿನ ವಂಶಾವಳಿಗಳನ್ನು ಕೂಡಿಸಿ, ಸೃಷ್ಟಿಯಾದುದು ಕ್ರಿ. ಪೂ. ೪೦೦೪ರಲ್ಲಿ ಎಂದು ಪ್ರಕಟಿಸಿದ. ಆ ವರ್ಷ ಬಹುಕಾಲ ಇಂಗ್ಲಿಷ್ ಬೈಬಲಿನ ಅಂಚಿನಲ್ಲಿ ಅಚ್ಚಾಗುತ್ತಿತ್ತು. ಭೂಗರ್ಭಶಾಸ್ತ್ರ ಬೆಳೆದಂತೆ ಆ ಲೆಕ್ಕ ಬಿದ್ದುಹೋಯಿತು; ಕ್ರೈಸ್ತರ ಶ್ರದ್ಧೆ ಅದರೊಡನೆ ಬೀಳಲಿಲ್ಲ. ಬುದ್ಧನ ಪರಿನಿರ್ವಾಣ ಕ್ರಿ. ಪೂ. ೫೪೪ರಲ್ಲಿ ಎಂಬ ಸಿಂಹಳದ ಪರಂಪರೆಯಂತೆ ೧೯೫೬ರಲ್ಲಿ ಭಾರತವೂ ಸೇರಿದಂತೆ ಹಲವು ದೇಶಗಳು ೨೫೦೦ನೆಯ ಬುದ್ಧಜಯಂತಿಯನ್ನು ಆಚರಿಸಿದವು. ವಿದ್ವಾಂಸರಾದರೋ ಆ ಘಟನೆಯನ್ನು ಕ್ರಿ. ಪೂ. ೪೮೩ರ ಸುಮಾರಿಗೆ, ಕೆಲವರು ಇನ್ನೂ ಈಚೆಗೆ ಕ್ರಿ. ಪೂ. ೪೦೦ರ ಹತ್ತಿರಕ್ಕೆ, ತರುತ್ತಾರೆ. ದುಃಖದ ಕಾರಣವನ್ನೂ ಅದರ ನಿವಾರಣೆಯನ್ನೂ ಕುರಿತ ಬೋಧೆಯು ಈ ಅಂತರದಿಂದ ಒಂದಿಷ್ಟೂ ಹಳಸಿಲ್ಲ.

ಹಿರಿಯರ ಹಿರಿಮೆ ಅವರು ಎಷ್ಟು ಹಳಬರೆಂಬುದರಲ್ಲಿ ಇರುವುದಿಲ್ಲ. ತಮ್ಮ ಗುರುವನ್ನು ಇನ್ನಷ್ಟು ಹಿಂದಿನ ಶತಮಾನಕ್ಕೆ ಒಯ್ದರೆ ಗೌರವ ಹೆಚ್ಚುವುದೆಂದು ತಿಳಿಯುವವರು ಗುರುವಿನ ಬೋಧೆಗಿಂತ ವಯಸ್ಸನ್ನು ದೊಡ್ಡದು ಮಾಡಿದಂತಾಗುತ್ತದೆ. ನುಡಿಗೂ ನಡೆಗೂ ಅಂತರವಿರಬಾರದೆಂದು ಬೋಧಿಸಿದ ಪರಂಪರೆಗೆ ಸೇರಿದವರು ಕಾಲದ ವಿಷಯದಲ್ಲಿಯೂ ಕಂಡದ್ದನ್ನು ಕಂಡಂತೆ, ಊಹಿಸಿದ್ದನ್ನು ಊಹೆಯಾಗಿ ನುಡಿಯುವುದು ಯುಕ್ತ. ತೇದಿಯೊಂದು ಎದುರಾದಾಗಲೆಲ್ಲ ಅದರ ಸಾಕ್ಷಿ ಯಾರು, ಆ ಸಾಕ್ಷಿ ಘಟನೆಗೆ ಎಷ್ಟು ಹತ್ತಿರದವನು, ಅವನ ಮಾತಿಗೆ ಬೇರೊಬ್ಬ ಸಾಕ್ಷಿಯ ಬೆಂಬಲವಿದೆಯೆ ಎಂಬ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಬೆಳೆದರೆ ಸಾಕು. ಆಗ ವಿದ್ಯಾರ್ಥಿಗೆ ಇತಿಹಾಸವು ಬಾಯಿಪಾಠದ ಭಾರವೆನಿಸದು. ಭಕ್ತನಿಗೂ ಸಂಶೋಧನೆಯನ್ನು ಕಂಡು ಬೆದರಬೇಕಾದ ಕಾರಣ ಉಳಿಯದು.